ಒಂದೇ ವಚನದೊಡನೆ ಕುಳಿತುಕೊಳ್ಳುವ ಬಗೆ

ಮನಸ್ಸು ನೆಲೆಗೊಳ್ಳಲೆಂದು ಕಾವ್ಯದ ಬಳಿಗೆ ಬರುವವರು ಮೊದಲು ಮಾಡಬೇಕಾದದ್ದು ಓದನ್ನು ಕಡಿಮೆ ಮಾಡುವುದು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಈ ಸಾಧನೆಗೆ ಚೆನ್ನಾಗಿ ಒಗ್ಗುತ್ತವೆ. ಅವುಗಳಲ್ಲಿ ಹಲವು ಚಿಕ್ಕವು, ಆಡುಮಾತಿನ ಉಸಿರಿನಲ್ಲಿ ಹುಟ್ಟಿದವು, ಇಷ್ಟದೈವವನ್ನು ಹೆಸರಿಡಿದು ಕರೆದು ಆಡಿದವು. ಫ.ಗು. ಹಳಕಟ್ಟಿಯವರು (1880–1964) ತಾಳೆಗರಿಯ ಕಟ್ಟುಗಳನ್ನು ಕಲೆಹಾಕಿ ಅಚ್ಚಿಗೆ ತಂದ ಕಾಲದಿಂದ ಸಾವಿರಾರು ವಚನಗಳು ನಮ್ಮ ಕೈಗೆ ಸಿಗುವಂತಾಗಿವೆ. ಆದರೂ ಧ್ಯಾನಕ್ಕೆ ಒಂದೇ ವಚನ ಸಾಕು, ಮತ್ತು ಅದರೊಡನೆ ವಾರಗಟ್ಟಲೆ ಇರಬೇಕು.

ಆರಂಭಕ್ಕೆ ಅಕ್ಕಮಹಾದೇವಿಯ ಈ ವಚನಕ್ಕಿಂತ ಒಳ್ಳೆಯದು ನನಗೆ ತೋರುವುದಿಲ್ಲ:

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು.

ಮೊದಲು ಇದನ್ನು ಕೈಯಲ್ಲೇ ಬರೆದುಕೊಳ್ಳಿ. ಪಾಠಾಂತರಗಳಿದ್ದರೆ, ಅಂದರೆ ಇದೇ ವಚನ ಬೇರೆ ಬೇರೆ ಪುಸ್ತಕಗಳಲ್ಲಿ ತುಸು ಬೇರೆಯಾಗಿ ಸಿಕ್ಕರೆ, ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ದಿನಕ್ಕೊಂದು ಪಾಠ ಹಿಡಿದರೆ ನಾಲಿಗೆಗೆ ದಾರಿ ಬೀಳುವುದಿಲ್ಲ. ಸದ್ದಿಲ್ಲದ ಕೋಣೆಗಾಗಿ ಕಾಯಬೇಡಿ. ಸಂತೆಯೊಳಗೆ ಮನೆ ಮಾಡಿದವರಿಗೆ ಶಬ್ದದ ಹಂಗು ಏಕೆ ಎಂದು ಕೇಳುವ ವಚನವನ್ನು ಪಕ್ಕದ ಮನೆಯ ಮಿಕ್ಸರ್ ಮೊರೆಯುತ್ತಿರುವಾಗಲೇ ಓದುವುದು ಹೆಚ್ಚು ಸರಿ ಎಂದು ನಾನು ನಂಬುತ್ತೇನೆ.

ಬೆನ್ನು ನೇರ ಮಾಡಿ ಕುಳಿತು, ನಿಮಗಷ್ಟೇ ಕೇಳುವಷ್ಟು ದನಿಯಲ್ಲಿ ಓದಿ. ಮೂರು ಪ್ರಶ್ನೆಗಳೂ ‘ಎಂತಯ್ಯಾ’ ಎಂದೇ ಮುಗಿಯುತ್ತವೆ. ಕೊನೆಯ ದೀರ್ಘಸ್ವರವನ್ನು ಅವಸರಪಡಿಸದೆ ಉಸಿರು ತಾನಾಗಿ ತೀರುವವರೆಗೆ ಬಿಟ್ಟು, ಮುಂದಿನ ಉಸಿರು ತುಂಬಿದ ಮೇಲೆ ಮಾತ್ರ ಮುಂದಿನ ಪ್ರಶ್ನೆಗೆ ಹೋಗಿ. ಬಹಳಷ್ಟು ವಚನಗಳಲ್ಲಿ ಅಂಕಿತ, ಅಂದರೆ ವಚನಕಾರರು ಕರೆಯುವ ಇಷ್ಟದೈವದ ಹೆಸರು, ಕೊನೆಯಲ್ಲಿ ಬರುತ್ತದೆ, ಇಲ್ಲಿ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತ ಪ್ರಶ್ನೆಗಳಿಗೂ ಉತ್ತರಕ್ಕೂ ನಡುವೆ ನಿಂತಿದೆ. ಆದ್ದರಿಂದ ‘ಕೇಳಯ್ಯಾ’ ಎಂದ ಮೇಲೆ ಒಂದೆರಡು ಉಸಿರಿನಷ್ಟು ಹೊತ್ತು ಏನನ್ನೂ ಹೇಳದೆ ಇರಿ. ಇಡೀ ಅಭ್ಯಾಸದ ತಿರುಳು ಈ ಬಿಡುವಿನಲ್ಲಿದೆ: ಕೇಳೆಂದು ಕರೆದವರು ಆ ಗಳಿಗೆಯಲ್ಲಿ ತಾವೇ ಕೇಳುವವರಾಗುತ್ತಾರೆ. ದೇವರಲ್ಲಿ ನಂಬಿಕೆಯಿಲ್ಲದವರೂ ಈ ಹೆಸರನ್ನು ಬಿಟ್ಟು ಓದಬಾರದು, ಯಾರೂ ಎದುರಿಗಿಲ್ಲದ ಓದು ಬೇಗನೆ ಬರಿಯ ಪಠಣವಾಗುತ್ತದೆ.

ಮನಸ್ಸು ಅಲೆದರೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಯಾವ ಸಾಲಿನಲ್ಲಿ ತಪ್ಪಿತೋ ಅಲ್ಲಿಂದಲೇ ಹಿಡಿದುಕೊಳ್ಳಿ. ಕುಳಿತಿರುವಾಗ ಅರ್ಥವನ್ನು ಬಗೆಯುವುದೂ ಬೇಡ, ವ್ಯಾಖ್ಯಾನಕ್ಕೆ ಬೇರೆ ಹೊತ್ತಿದೆ.

ಬಾಯಿಪಾಠವಾದ ಮೇಲೆ ವಚನವನ್ನು ಕೆಲಸದೊಳಕ್ಕೆ ಒಯ್ಯಿರಿ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ ಮೊದಲಾದ ಶರಣರು ಕಾಯಕವನ್ನೂ ಅನುಭಾವವನ್ನೂ (ದೈವದ ನೇರ ಅರಿವನ್ನೂ) ಬೇರೆ ಮಾಡಿದವರಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಒಂದೊಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಯಾರಾದರೂ ನೋಯುವಂತೆ ಮಾತನಾಡಿದಾಗ, ಅಥವಾ ಹೊಗಳಿದಾಗಲೂ, ಉತ್ತರಿಸುವ ಮೊದಲು ಕೊನೆಯ ಸಾಲನ್ನು ನೆನೆಯಿರಿ. ನಿಂದೆಗಿಂತ ಸ್ತುತಿಯ ಎದುರು ಸಮಾಧಾನಿಯಾಗಿರುವುದೇ ಹೆಚ್ಚು ಕಷ್ಟ.

ಈ ವಚನ ಕರೆಯದೆಯೇ ನೆನಪಿಗೆ ಬರತೊಡಗಿದಾಗ ಅಲ್ಲಮಪ್ರಭುವಿನ ‘ಎತ್ತಣ ಮಾಮರ ಎತ್ತಣ ಕೋಗಿಲೆ’ ವಚನವನ್ನು ತೆಗೆದುಕೊಳ್ಳಬಹುದು. ಅವನ ಬೆಡಗಿನ ವಚನಗಳು ಬುದ್ಧಿಯನ್ನು ಒಗಟು ಬಿಡಿಸಲು ಹಚ್ಚುವುದರಿಂದ ಅವನ್ನು ಸದ್ಯಕ್ಕೆ ದೂರವಿಡಿ. ಅಕ್ಕನ ವಚನದಲ್ಲಿ ಉತ್ತರವಿತ್ತು, ಅಲ್ಲಮನದು ‘ಎತ್ತಣಿಂದೆತ್ತ ಸಂಬಂಧವಯ್ಯಾ’ ಎಂಬ ಪ್ರಶ್ನೆಯಲ್ಲೇ ನಿಲ್ಲುತ್ತದೆ. ಅದಕ್ಕೆ ಉತ್ತರ ಹುಡುಕದೆ ಅಷ್ಟೇ ಹೊತ್ತು ಕುಳಿತಿರುವುದು ಮುಂದಿನ ಅಭ್ಯಾಸ.