ನಕಲಿ ಮೈಸೂರು ರೇಷ್ಮೆ ಸೀರೆ: ನಾನು ಹಣ ಹಿಂದಕ್ಕೆ ಪಡೆದ ಬಗೆ

ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಮೈಸೂರಿನ ಮಹಿಳೆಯೊಬ್ಬರಿಂದ 18,000 ರೂಪಾಯಿಗೆ ಸೀರೆ ಕೊಂಡೆ. ಅಂಗಡಿಯವರಲ್ಲ, ಪರಿಚಯದವರ ಪರಿಚಯ. ‘ಉಡುಗೊರೆ ಬಂದದ್ದು, ಅಪ್ಪಟ ಕೆಎಸ್‌ಐಸಿ ರೇಷ್ಮೆ, ಮಡಿಕೆ ಬಿಚ್ಚಬೇಡಿ, ಹಾಗೇ ಕೊಟ್ಟರೆ ಚೆನ್ನ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರು. ಮುಂದೆ ನನ್ನ ಕೈಹಿಡಿದದ್ದು ಇದೇ ಸಂದೇಶ.

ಕೆಎಸ್‌ಐಸಿ ಎಂದರೆ ಮೈಸೂರು ರೇಷ್ಮೆ ಸೀರೆ ನೇಯುವ ರಾಜ್ಯ ಸರ್ಕಾರದ ನಿಗಮ. ಅದು ತನ್ನ ಪ್ರತಿ ಸೀರೆಯಲ್ಲೂ ಗುರುತಿನ ಸಂಖ್ಯೆಯನ್ನು ಕಸೂತಿಯಲ್ಲಿ ಹಾಕಿಸುತ್ತದೆ, ಹೊಲೊಗ್ರಾಮ್ ಕೂಡ ಇರುತ್ತದೆ. ಮನೆಯಲ್ಲಿ ಬಿಡಿಸಿ ನೋಡಿದರೆ ಅಂಟಿಸಿದ ಹೊಳೆಯುವ ಚೀಟಿ ಇತ್ತು, ಸಂಖ್ಯೆ ಎಲ್ಲಿಯೂ ಇರಲಿಲ್ಲ. ಸೆರಗಿನ ತುದಿಯ ಒಂದು ಬಿಡಿ ನೂಲನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿದೆ. ರೇಷ್ಮೆಯಾಗಿದ್ದರೆ ಸುಟ್ಟ ಕೂದಲಿನ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಈ ನೂಲು ಕರಗಿ, ಸಾಸಿವೆಗಿಂತ ಸಣ್ಣ ಕಪ್ಪು ಗುಂಡಾಗಿ ಗಟ್ಟಿಯಾಯಿತು. ಪಾಲಿಯೆಸ್ಟರ್.

ಆ ಮೇಲೆ ಸೀರೆಯನ್ನು ಒಗೆಯಲಿಲ್ಲ, ಫಾಲ್ ಹೊಲಿಸಲಿಲ್ಲ. ಹಣ ಕೇಳುವವರು ವಸ್ತುವನ್ನು ಬಂದ ಸ್ಥಿತಿಯಲ್ಲೇ ಹಿಂದಿರುಗಿಸಲು ಸಿದ್ಧರಿರಬೇಕು. ಮನೆಯ ಪರೀಕ್ಷೆಗೆ ಬೆಲೆಯಿಲ್ಲವಾದ್ದರಿಂದ ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಪ್ರಯೋಗಾಲಯದಿಂದ ನೂಲಿನ ವರದಿ ಪಡೆದೆ.

ಬ್ಯಾಂಕಿನಿಂದ ಏನೂ ಆಗಲಿಲ್ಲ. ಪಿನ್ ಒತ್ತಿ ಯುಪಿಐ ಮೂಲಕ ನಾನೇ ಕಳಿಸಿದ ಹಣವನ್ನು ಅವರು ತಾವಾಗಿ ಎಳೆದು ತರುವುದಿಲ್ಲ. ಗ್ರಾಹಕ ಆಯೋಗದ ದಾರಿಯೂ ಇಲ್ಲಿ ಸುಲಭವಲ್ಲ, ಮಾರಿದವರಿಗೆ ಸೀರೆ ಮಾರುವುದೇ ಕಸುಬಲ್ಲ. ಪೊಲೀಸರಿಗೆ ದೂರು ಕೊಡಬಹುದು. ಆದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿ ವಂಚನೆ ನಿಲ್ಲಬೇಕಾದರೆ ಮೊದಲಿನಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕು. ‘ನನಗೂ ಯಾರೋ ಕೊಟ್ಟದ್ದು, ಅಸಲಿಯೆಂದೇ ನಂಬಿದ್ದೆ’ ಎಂದು ಆಕೆ ಅಳುತ್ತಿದ್ದರು. ನಿಜವಿದ್ದರೂ ಇರಬಹುದು.

ವಕೀಲರೊಬ್ಬರು ಹೇಳಿದ ಮಾತಿನಿಂದ ನನ್ನ ದಾರಿ ಸ್ಪಷ್ಟವಾಯಿತು. 1872ರ ಕರಾರು ಕಾಯಿದೆಯ 18 ಮತ್ತು 19ನೇ ಕಲಮುಗಳ ಪ್ರಕಾರ, ಪ್ರಾಮಾಣಿಕವಾಗಿ ನಂಬಿ ಹೇಳಿದ ತಪ್ಪು ಮಾತಿನಿಂದ ಆದ ಒಪ್ಪಂದವನ್ನೂ ಕೊಂಡವರು ರದ್ದು ಮಾಡಬಹುದು. ಆಕೆಯನ್ನು ಮೋಸಗಾರ್ತಿ ಎಂದು ಸಾಬೀತು ಮಾಡುವ ಹೊರೆಯೇ ನನಗೆ ಬೇಕಿರಲಿಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ ನೋಟಿಸಿನಲ್ಲಿ ಬೈಗುಳವಿರಲಿಲ್ಲ: ನೀವು ಹೇಳಿದ್ದು ಇದು, ಬಂದದ್ದು ಇದು, ವರದಿ ಲಗತ್ತಿಸಿದೆ, ಒಪ್ಪಂದ ರದ್ದು, ಸೀರೆ ಕೊಡುತ್ತೇನೆ, ಹದಿನೈದು ದಿನಗಳಲ್ಲಿ ಹಣ ಕೊಡಿ.

ಉತ್ತರ ಬರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಮನೆಯವರು ಕೈಚೆಲ್ಲಿದರು. ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಟ್ಟೆ, ಅಂದರೆ ದಾವೆ ಹೂಡುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಿ ಎಂಬ ಅರ್ಜಿ. ನ್ಯಾಯಾಲಯದ ಶುಲ್ಕವಿಲ್ಲ.

ಅಲ್ಲಿ ಆಕೆಯ ಅಣ್ಣ ಒಂದು ಗಟ್ಟಿ ಪ್ರಶ್ನೆ ಎತ್ತಿದರು: ‘ಕೈಯಲ್ಲಿ ಹಿಡಿದು ನೋಡಿಯೇ ಕೊಂಡಿರಲ್ಲ ಅಮ್ಮ?’ ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿಯಬಹುದಿದ್ದರೆ ಇಂಥ ಒಪ್ಪಂದ ರದ್ದಾಗದು ಎಂಬ ವಿನಾಯಿತಿ ಅದೇ 19ನೇ ಕಲಮಿನಲ್ಲಿದೆ. ನಾನು ‘ಮಡಿಕೆ ಬಿಚ್ಚಬೇಡಿ’ ಎಂಬ ಸಂದೇಶವನ್ನು ಮುಂದಿಟ್ಟೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ಕಂತಿಗೆ ಒಪ್ಪಿದೆವು. ಬರೀ ಮಾತಿನ ರಾಜಿ ಬೇಡವೆಂದು ನಾನು ಪಟ್ಟು ಹಿಡಿದು ಅದನ್ನು ರಾಜಿಯಿಂದ ವ್ಯಾಜ್ಯ ಮುಗಿಸುವ ಲೋಕ ಅದಾಲತ್ತಿನಲ್ಲಿ ದಾಖಲಿಸಿದೆ. ಅಲ್ಲಿನ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ (ಅಂತಿಮ ಆದೇಶದ) ಬಲವಿದೆ, ಮೇಲ್ಮನವಿಯಿಲ್ಲ. ಈ ಸೀರೆಯನ್ನು ಮತ್ತೆ ಕೆಎಸ್‌ಐಸಿ ಹೆಸರಿನಲ್ಲಿ ಯಾರಿಗೂ ಮಾರಬಾರದೆಂಬ ಷರತ್ತನ್ನೂ ಬರೆಸಿದೆ. ಹಣದಷ್ಟೇ ನನಗೆ ಅದೂ ಮುಖ್ಯವಾಗಿತ್ತು. ಎರಡನೆಯ ಕಂತು ಖಾತೆಗೆ ಬಂದ ಮೇಲೆ ಸೀರೆ ಕೊಟ್ಟು ಸಹಿ ಪಡೆದೆ.

ಒಪ್ಪಂದ ರದ್ದು ಮಾಡಿಸುವ ಇಂಥ ದಾವೆ ಹೂಡುವುದಾದರೆ ನಿಜ ತಿಳಿದ ದಿನದಿಂದ ಮೂರು ವರ್ಷ ಕಾಲಮಿತಿಯಿದೆ. ಕಾನೂನು ನೆರವಿನ ಸಹಾಯವಾಣಿ 15100.