ಲೋ ಡಿಫ್ಲೆಕ್ಷನ್ ಶಾಫ್ಟಿಗೆ ಕೈ ಪಳಗಿಸಿಕೊಂಡದ್ದು

ಪೂಲ್ ಆಟದಲ್ಲಿ ಸೈಡ್ ಕೊಟ್ಟು, ಅಂದರೆ ನಡುವಿಗೆ ಬದಲು ಬದಿಗೆ, ಹೊಡೆದ ಬಿಳಿ ಚೆಂಡು ಕ್ಯೂ (ಹೊಡೆಯುವ ಕೋಲು) ತೋರಿಸಿದ ದಾರಿಯಲ್ಲೇ ಹೋಗುವುದಿಲ್ಲ. ಬಲಭಾಗಕ್ಕೆ ಹೊಡೆದರೆ ಒಂಚೂರು ಎಡಕ್ಕೆ, ಎಡಭಾಗಕ್ಕೆ ಹೊಡೆದರೆ ಒಂಚೂರು ಬಲಕ್ಕೆ ಜಾರಿ ಹೊರಡುತ್ತದೆ. ಪೂಲ್ ಆಡುವವರು ಇದನ್ನು ಡಿಫ್ಲೆಕ್ಷನ್ ಅಥವಾ ಸ್ಕ್ವರ್ಟ್ ಅನ್ನುತ್ತಾರೆ. ಶಾಫ್ಟ್ ಅಂದರೆ ಕ್ಯೂನ ಮುಂದಿನ ಅರ್ಧ. ಮೇಪಲ್ ಮರದ ಮಾಮೂಲಿ ಶಾಫ್ಟಿನಲ್ಲಿ ವರ್ಷಗಟ್ಟಲೆ ಆಡಿದವರಿಗೆ ಗುರಿಯನ್ನು ಎಷ್ಟು ಸರಿಸಬೇಕು ಅನ್ನುವುದು ಯೋಚಿಸದೆಯೇ ಗೊತ್ತಿರುತ್ತದೆ. ನಾನೂ ಹಾಗೇ ಆಡುತ್ತಿದ್ದೆ. ಈ ಜಾರುವಿಕೆಯನ್ನು ಕಡಿಮೆ ಮಾಡುವ ಲೋ ಡಿಫ್ಲೆಕ್ಷನ್ ಶಾಫ್ಟ್ ಹಾಕಿಕೊಂಡಾಗ ಮೊದಲು ಅಡ್ಡ ಬಂದದ್ದು ಇದೇ ಅಭ್ಯಾಸ. ಆದರೆ ಅದಕ್ಕಿಂತ ಜಾಸ್ತಿ ಕೆಲಸ ಕೊಟ್ಟದ್ದು ಮೆಲ್ಲಗೆ ಹೊಡೆಯುವ ಶಾಟ್‌ಗಳು. ಇದರ ಬಗ್ಗೆ ನನಗೆ ಮೊದಲೇ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಈ ಶಾಫ್ಟ್ ನಿಜವಾಗಿ ಏನು ಮಾಡುತ್ತದೆ ಅಂತ ನೋಡೋಣ. ಟಿಪ್, ಅಂದರೆ ಶಾಫ್ಟಿನ ತುದಿಯ ಮೆತ್ತೆ, ಚೆಂಡಿಗೆ ತಾಗಿರುವುದು ಸುಮಾರು ಒಂದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಬದಿಗೆ ಹೊಡೆದಾಗ ಅಷ್ಟರೊಳಗೇ ಚೆಂಡು ತಿರುಗಲು ಶುರು ಮಾಡಿ ಟಿಪ್ಪನ್ನು ಪಕ್ಕಕ್ಕೆ ಒಯ್ಯುತ್ತದೆ. ಟಿಪ್ಪಿಗೂ ಅದರ ಹಿಂದಿನ ಮರಕ್ಕೂ ತೂಕವಿದೆ, ಹಾಗಾಗಿ ಅದು ಎದುರು ತಳ್ಳುತ್ತದೆ. ಆ ತಳ್ಳುವಿಕೆಯೇ ಸ್ಕ್ವರ್ಟ್. ಇಷ್ಟು ಸಣ್ಣ ಹೊತ್ತಿನಲ್ಲಿ ಪಕ್ಕದ ಅಲುಗಾಟ ಶಾಫ್ಟಿನ ತುದಿಯ ಕೆಲವೇ ಇಂಚುಗಳನ್ನು ಮುಟ್ಟುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ತುದಿಯ ತೂಕ. ಬಟ್, ಅಂದರೆ ಕ್ಯೂನ ಹಿಂದಿನ ಅರ್ಧ, ಎಷ್ಟೇ ಭಾರ ಇರಲಿ, ಇಲ್ಲಿ ಅದರ ಪಾತ್ರ ಇಲ್ಲ.

ಶಾಫ್ಟ್ ಮಾಡುವವರು ತುದಿಯ ಒಳಗೆ ಕೊರೆದು ಟೊಳ್ಳು ಮಾಡುವುದು, ಟಿಪ್ಪಿನ ಹಿಂದಿರುವ ಬಳೆ, ಅಂದರೆ ಫೆರೂಲನ್ನು ಗಿಡ್ಡ ಮತ್ತು ಹಗುರ ಮಾಡುವುದು, ದಪ್ಪ ಇಳಿಸುವುದು, ಎಲ್ಲವೂ ಈ ಒಂದೇ ಕಾರಣಕ್ಕೆ. 1990ರ ದಶಕದಲ್ಲಿ ಪ್ರೆಡೇಟರ್ ಕಂಪನಿಯ 314 ಶಾಫ್ಟ್ ಈ ದಾರಿಯನ್ನು ಜನಪ್ರಿಯ ಮಾಡಿತು. 2016ರಲ್ಲಿ ಅದೇ ಕಂಪನಿಯ ರೆವೊ ಬಂದ ಮೇಲೆ ಕಾರ್ಬನ್ ಫೈಬರ್ ಎಲ್ಲೆಡೆ ಹರಡಿತು. ಇದನ್ನು ನನ್ನ ಕಣ್ಣಲ್ಲೇ ನೋಡಬೇಕು ಅನ್ನಿಸಿ, ಹೊಸ ಶಾಫ್ಟಿನ ಫೆರೂಲ್ ಹಿಂದೆ ಸೀಸದ ಟೇಪನ್ನು ಕೆಲವು ಸುತ್ತು ಸುತ್ತಿದೆ. ಟೇಪ್ ಕೈಗೆ ತಾಗದಂತೆ ಬ್ರಿಡ್ಜ್ (ಕ್ಯೂಗೆ ಆಸರೆ ಕೊಡುವ ಮುಂದಿನ ಕೈ) ಹಿಂದಕ್ಕೆ ಇಟ್ಟು, ಸಣ್ಣ ಸ್ಟ್ರೋಕಿನಲ್ಲಿ ಸೈಡ್ ಕೊಟ್ಟು ಹೊಡೆದೆ. ಚೆಂಡು ತಕ್ಷಣ ಹಳೆ ಶಾಫ್ಟಿನಲ್ಲಿ ಜಾರಿದ ಹಾಗೆ ಜಾರಿತು. ಟೇಪ್ ಬಿಚ್ಚಿದೆ, ಚೆಂಡು ಮತ್ತೆ ನೇರಕ್ಕೆ ಹತ್ತಿರ ಬಂತು. ಜಾಹೀರಾತು ಎಷ್ಟು ಓದಿದರೂ ಬಾರದ ನಂಬಿಕೆ ಆ ತೆಳ್ಳನೆ ಟೇಪಿನಿಂದ ಬಂತು.

ಆಯ್ಕೆಯಲ್ಲಿ ನಾನು ಹಿಡಿದದ್ದು ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಬಟ್ ಅದೇ. ಟಿಪ್ ಹಳೆಯದರಷ್ಟೇ ಗಟ್ಟಿ, ಅದೇ ಗುಂಡಗೆ. ದಪ್ಪ ಮಾತ್ರ 12.75 ಮಿಲಿಮೀಟರಿನಿಂದ 12.5ಕ್ಕೆ ಇಳಿಯಿತು, ಅದು ಕೈಗೆ ಗೊತ್ತಾಗುವಷ್ಟಲ್ಲ. ಇನ್ನೂ ತೆಳ್ಳಗಿನವು ಸಿಗುತ್ತವೆ. ಆದರೆ ತೆಳುವಾದ ತುದಿಗೆ ಕಣ್ಣು ಬೇರೆಯಾಗಿಯೇ ಹೊಂದಿಕೊಳ್ಳಬೇಕು, ಎರಡನ್ನೂ ಒಟ್ಟಿಗೆ ಮೈಮೇಲೆ ಹಾಕಿಕೊಳ್ಳುವುದು ಬೇಡ ಅನ್ನಿಸಿತು. ಗೆಳೆಯನ ಕಾರ್ಬನ್ ಶಾಫ್ಟಿನಲ್ಲೂ ಸಾಕಷ್ಟು ಹೊಡೆದು ನೋಡಿದೆ. ನುಣುಪು ಚೆನ್ನಾಗಿದೆ, ಒರೆಸಿದರೆ ಸಾಕು, ಡೊಂಕಾಗುವ ಭಯ ಇಲ್ಲ. ಆದರೆ ಅದರ ಟೊಳ್ಳು ಸದ್ದು ನನಗೆ ಒಗ್ಗಲಿಲ್ಲ. ಎಷ್ಟು ಜೋರಾಗಿ ಹೊಡೆದೆ ಅನ್ನುವುದನ್ನು ನಾನು ಅರ್ಧ ಕಿವಿಯಿಂದಲೇ ಅಳೆಯುವುದು. ಹಾಗಾಗಿ ಮರದ್ದನ್ನೇ ತೆಗೆದುಕೊಂಡೆ. ಶಾಫ್ಟ್ ಬಟ್ಟಿಗೆ ಕೂಡುವ ಜಾಯಿಂಟ್ ಮಾತ್ರ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಪಿನ್ನಿನ ದಪ್ಪ, ಅದರ ತಿರುಪು ನಿಮ್ಮ ಬಟ್ಟಿಗೆ ಹೊಂದದಿದ್ದರೆ ಶಾಫ್ಟ್ ಕೂರುವುದೇ ಇಲ್ಲ.

ಆಟಕ್ಕೆ ಇಳಿಯುವ ಮೊದಲು ಎರಡೂ ಶಾಫ್ಟನ್ನು ಪಕ್ಕಪಕ್ಕ ಪರೀಕ್ಷಿಸಿದೆ. 9 ಅಡಿಯ ಟೇಬಲ್ಲಿನಲ್ಲಿ ಒಂದು ಕೊನೆಯ ಕಡೆಯ ಗುರುತಾದ ಹೆಡ್ ಸ್ಪಾಟಿನಿಂದ ಇನ್ನೊಂದು ಕೊನೆಯ ಕಡೆಯ ಫುಟ್ ಸ್ಪಾಟಿಗೆ ಸರಿಯಾಗಿ 50 ಇಂಚು. ಒಂದರ ಮೇಲೆ ಹೊಡೆಯುವ ಚೆಂಡು, ಇನ್ನೊಂದರ ಮೇಲೆ ಗುರಿಯ ಚೆಂಡು. ಬಿಳಿ ಚೆಂಡಿನ ಬದಲು ಪಟ್ಟಿ ಇರುವ ಚೆಂಡನ್ನು, ಪಟ್ಟಿ ನೆಟ್ಟಗೆ ನಿಲ್ಲುವಂತೆ ಇಟ್ಟೆ. ಹೊಡೆದ ಮೇಲೆ, ಟಿಪ್ ಜಾರದಿರಲಿ ಅಂತ ಅದಕ್ಕೆ ಹಚ್ಚುವ ಚಾಕ್‌ನ ಗುರುತು ಪಟ್ಟಿಯ ಮೇಲೆ ಎಲ್ಲಿ ಬಿದ್ದಿದೆ ಅಂತ ನೋಡಿದರೆ, ನಾನು ಅಂದುಕೊಂಡ ಜಾಗಕ್ಕೇ ಹೊಡೆದೆನೋ ಇಲ್ಲವೋ ಗೊತ್ತಾಗುತ್ತದೆ. ಈ ಗುರುತು ನೋಡದೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಚೆಂಡಿನ ನಡುವಿನಿಂದ ಸುಮಾರು 14 ಮಿಲಿಮೀಟರ್ ಆಚೆ ಹೋದರೆ ಮಿಸ್‌ಕ್ಯೂ ಆಗುವ, ಅಂದರೆ ಟಿಪ್ ಚೆಂಡಿನಿಂದ ಜಾರಿಹೋಗುವ ಗಡಿ ಬರುತ್ತದೆ. ಪಟ್ಟಿಯ ಅಂಚು ಸಾಮಾನ್ಯವಾಗಿ ಅಲ್ಲೇ ಹತ್ತಿರ ಇರುತ್ತದೆ, ಅದೂ ಒಂದು ಅನುಕೂಲ.

ಆಮೇಲೆ ಬ್ರಿಡ್ಜ್ ಕೈ, ಹಿಂದಿನ ಕೈ ಎರಡನ್ನೂ ಒಂದೇ ಅಳತೆ ಬಲಕ್ಕೆ ಸರಿಸಿ, ಕ್ಯೂ ಮೊದಲಿನ ಗೆರೆಗೆ ಸಮಾನವಾಗಿಯೇ ಇರುವಂತೆ ನೋಡಿಕೊಂಡು, ಜೋರಾಗಿ ಹೊಡೆದೆ. 50 ಇಂಚಿನ ದೂರದಲ್ಲಿ ಒಂದೇ ಡಿಗ್ರಿ ಸ್ಕ್ವರ್ಟ್ ಅಂದರೆ ಚೆಂಡು 2 ಸೆಂಟಿಮೀಟರಿಗೂ ಜಾಸ್ತಿ ಸರಿದಂತೆ. ಚೆಂಡಿನ ಅಡ್ಡಳತೆ 57 ಮಿಲಿಮೀಟರ್. ನೇರ ಹೋಗಬೇಕಾದ ಗುರಿಯ ಚೆಂಡು ಅಷ್ಟಕ್ಕೇ ಸುಮಾರು 20 ಡಿಗ್ರಿ ಪಕ್ಕಕ್ಕೆ ಹಾರುತ್ತದೆ. ಶಾಫ್ಟ್ ಶಾಫ್ಟಿಗೆ ಇರುವ ಅರ್ಧ ಡಿಗ್ರಿ ವ್ಯತ್ಯಾಸ ಯಾಕೆ ಅಷ್ಟು ದೊಡ್ಡದು ಅನ್ನುವುದು ಇಲ್ಲಿ ಗೊತ್ತಾಗುತ್ತದೆ, ಅಲ್ವಾ? ಹಳೆ ಶಾಫ್ಟಿನಲ್ಲಿ ಗುರಿಯ ಚೆಂಡು ಬಲಕ್ಕೆ ಎದ್ದು ಹೋಯಿತು. ಹೊಸದರಲ್ಲೂ ಬಲಕ್ಕೇ ಹೋಯಿತು, ಆದರೆ ಗಣನೀಯವಾಗಿ ಕಡಿಮೆ. ಡಿಫ್ಲೆಕ್ಷನ್ ಕಡಿಮೆ ಆಗುತ್ತದೆ, ಇಲ್ಲವಾಗುವುದಿಲ್ಲ. ಸೊನ್ನೆ ಅಂದುಕೊಂಡು ಆಡಿದರೆ ಎರಡೂ ಕಡೆ ನಷ್ಟ.

ಜೋರು ಮತ್ತು ಮಧ್ಯಮ ವೇಗದ ಶಾಟ್‌ಗಳಲ್ಲಿ ತಪ್ಪಿದ್ದೆಲ್ಲ ಒಂದೇ ಕಡೆಗೆ ತಪ್ಪಿತು. ಬಲ ಸೈಡ್ ಕೊಡುವಾಗ ಹಳೆ ಅಭ್ಯಾಸದಂತೆ ಕಣ್ಣು ಗುರಿಯನ್ನು ಬಲಕ್ಕೆ ಸರಿಸಿಬಿಡುತ್ತಿತ್ತು. ಜಾರುವುದು ಕಡಿಮೆಯಾದ್ದರಿಂದ ಚೆಂಡು ಬಲಕ್ಕೇ ಉಳಿಯುತ್ತಿತ್ತು. ಒಂದೇ ಕಡೆ ತಪ್ಪುವುದು ಒಳ್ಳೆಯ ಲಕ್ಷಣ, ತಿದ್ದಲು ಸುಲಭ. ಹಳೆ ಶಾಫ್ಟನ್ನು ಚೀಲದಿಂದಲೇ ತೆಗೆದಿಟ್ಟೆ. ಅದೂ ಇದೂ ಬದಲಾಯಿಸುತ್ತಾ ಆಡಿದರೆ ಕಣ್ಣಿಗೆ ಯಾವುದೂ ಕೂರುವುದಿಲ್ಲ. ಒಂದೇ ಕಟ್ ಶಾಟ್ (ಗುರಿಯ ಚೆಂಡನ್ನು ಓರೆಯಾಗಿ ಕಳಿಸುವ ಶಾಟ್) ಇಟ್ಟುಕೊಂಡು ಮೊದಲು ಸೈಡ್ ಇಲ್ಲದೆ, ಆಮೇಲೆ ನಡುವಿನಿಂದ ಅರ್ಧ ಟಿಪ್, ಒಂದು ಟಿಪ್ ಆಚೆಗೆ ಹೊರಗಿನ ಸೈಡ್ (ಗುರಿಯ ಚೆಂಡು ಹೋಗುವುದಕ್ಕೆ ಎದುರು ಬದಿ), ಕೊನೆಗೆ ಒಳಗಿನ ಸೈಡ್ (ಅದು ಹೋಗುವ ಬದಿ) ಹೀಗೆ ಹೊಡೆದೆ. ವೇಗ ಮಾತ್ರ ಬದಲಿಸಲಿಲ್ಲ. ವೇಗ ಬದಲಾದರೆ ಯಾವುದರಿಂದ ತಪ್ಪಿತು ಅನ್ನುವುದೇ ತಿಳಿಯುವುದಿಲ್ಲ.

ಇನ್ನು ಮೆಲ್ಲಗಿನ ಶಾಟ್. ಟೇಬಲ್ಲಿನ ಅಂಚಿನ ಕುಷನ್ ಅಡ್ಡ ಇರುವುದರಿಂದ ಕ್ಯೂ ಯಾವಾಗಲೂ ಹಿಂದುಗಡೆ ಸ್ವಲ್ಪ ಎತ್ತಿರುತ್ತದೆ. ಹಾಗಾಗಿ ಸೈಡ್ ಕೊಟ್ಟ ಚೆಂಡು ಹೋಗುತ್ತಾ ಹೋಗುತ್ತಾ ಸೈಡ್ ಕೊಟ್ಟ ಕಡೆಗೇ ಬಾಗುತ್ತದೆ. ಇದು ಸ್ವರ್ವ್. ಸ್ಕ್ವರ್ಟ್ ವೇಗಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಸ್ವರ್ವ್ ಬದಲಾಗುತ್ತದೆ. ಜೋರಾಗಿ ಹೊಡೆದರೆ ಬಾಗುವಷ್ಟರಲ್ಲಿ ಚೆಂಡು ಗುರಿ ಮುಟ್ಟಿರುತ್ತದೆ, ಮೆಲ್ಲಗೆ ಹೊಡೆದರೆ ಬೇಗ ಬಾಗುತ್ತದೆ. ಹಳೆ ಶಾಫ್ಟಿನಲ್ಲಿ ಮೆಲ್ಲಗಿನ ಬಲ ಸೈಡ್ ಶಾಟ್ ಮೊದಲು ಎಡಕ್ಕೆ ಜಾರಿ, ಆಮೇಲೆ ಬಲಕ್ಕೆ ಬಾಗಿ, ಎರಡೂ ಸೇರಿ ಹೆಚ್ಚುಕಡಿಮೆ ನೇರಕ್ಕೆ ಬಂದು ಸೇರುತ್ತಿತ್ತು. ನಾನು ಅದನ್ನು ನೇರ ಶಾಟ್ ಅಂತಲೇ ನೋಡುತ್ತಿದ್ದೆ. ಹೊಸ ಶಾಫ್ಟಿನಲ್ಲಿ ಜಾರುವುದು ಕಡಿಮೆ, ಬಾಗುವುದು ಅಷ್ಟೇ. ಲೆಕ್ಕ ತೀರದೆ ಚೆಂಡು ಗುರಿಯ ಬಲಕ್ಕೆ ಬಂದು ತಾಗುತ್ತದೆ. ಅಂದರೆ ಉದ್ದದ ಮೆಲ್ಲಗಿನ ಶಾಟಿನಲ್ಲಿ ಬಲ ಸೈಡಿಗೆ ಗುರಿಯನ್ನು ಎಡಕ್ಕೆ ಸರಿಸಬೇಕು! ಜೋರು ಶಾಟಿನಲ್ಲಿ ಮಾಡುವುದಕ್ಕೆ ಪೂರ್ತಿ ಉಲ್ಟಾ. ಇದನ್ನು ತಲೆ ಬೇಗ ಒಪ್ಪಿತು, ಕಣ್ಣು ಒಪ್ಪಲು ತುಂಬಾ ಹೊತ್ತು ಹಿಡಿಯಿತು.

ನನಗೆ ಕೈಗೂಡಿದ ದಾರಿ ಬಟ್ಟನ್ನು ಆದಷ್ಟು ಕೆಳಗಿಡುವುದು. ಕ್ಯೂ ಮಟ್ಟಸವಾದಷ್ಟೂ ಸ್ವರ್ವ್ ಕಡಿಮೆ. ಆಮೇಲೆ ಬೇಕಿಲ್ಲದ ಕಡೆ ಸೈಡ್ ಕೊಡದೆ, ಚೆಂಡಿನ ಮೇಲೆ ಕೆಳಗೆ ಹೊಡೆದೇ ಪೊಸಿಷನ್ ತೆಗೆಯುವುದು, ಅಂದರೆ ಮುಂದಿನ ಶಾಟಿಗೆ ಬಿಳಿ ಚೆಂಡನ್ನು ಬೇಕಾದ ಜಾಗಕ್ಕೆ ತರುವುದು. ಟೇಬಲ್ಲಿಗೆ ಹೊದಿಸಿದ ಬಟ್ಟೆಯನ್ನೂ ಗಮನಿಸಬೇಕು. ಹೊಸ ನುಣುಪು ಬಟ್ಟೆಯಲ್ಲಿ ಚೆಂಡು ತಡವಾಗಿ ಬಾಗುತ್ತದೆ, ಹಳೆ ಒರಟು ಬಟ್ಟೆಯಲ್ಲಿ ಬೇಗ. ಟೇಬಲ್ ಬದಲಾದ ದಿನ ಮೊದಲು ಉದ್ದಕ್ಕೆ ಮೆಲ್ಲಗೆ ಸೈಡ್ ಕೊಟ್ಟು ಹೊಡೆದು ನೋಡುತ್ತೇನೆ.

ಬ್ರಿಡ್ಜನ್ನು ಕೀಲು ಮಾಡಿಕೊಂಡು ಹಿಂದಿನ ಕೈ ಸರಿಸಿ ಸೈಡ್ ಕೊಡುವವರಿಗೆ ಒಂದು ಮಾತು. ಪ್ರತಿ ಶಾಫ್ಟಿಗೂ ಒಂದು ಸಹಜ ಕೀಲಿನ ದೂರ ಇರುತ್ತದೆ. ಬ್ರಿಡ್ಜ್ ಅಷ್ಟು ದೂರದಲ್ಲಿದ್ದರೆ ಕ್ಯೂ ತಿರುಗಿದ ಕೋನವೂ ಸ್ಕ್ವರ್ಟೂ ಒಂದನ್ನೊಂದು ಕಳೆದುಹಾಕುತ್ತವೆ. ಮಾಮೂಲಿ ಶಾಫ್ಟುಗಳಲ್ಲಿ ಇದು ಹೆಚ್ಚಾಗಿ ನಾವು ಬ್ರಿಡ್ಜ್ ಇಡುವ ದೂರಕ್ಕೆ ಹತ್ತಿರವೇ ಇರುತ್ತದೆ. ಲೋ ಡಿಫ್ಲೆಕ್ಷನ್‌ನಲ್ಲಿ ಅದು ಹಿಂದಕ್ಕೆ ಹೋಗುತ್ತದೆ. ಅದೇ ಬ್ರಿಡ್ಜಿನಲ್ಲಿ ತಿರುಗಿಸಿದರೆ ಗುರಿ ಮೀರುತ್ತದೆ. ಈಗ ನಾನು ಜೋರು ಶಾಟಿಗೆ ಹಿಂದಿನ ಕೈಯನ್ನೂ, ಮೆಲ್ಲಗಿನದಕ್ಕೆ ಮುಂದಿನ ಕೈಯನ್ನೂ ಜಾಸ್ತಿ ಸರಿಸುತ್ತೇನೆ, ನಡುವಿನದಕ್ಕೆ ಎರಡನ್ನೂ ಸ್ವಲ್ಪ ಸ್ವಲ್ಪ. ಸ್ಟ್ರೋಕ್ ಡೊಂಕಾದಾಗ ಆಗುವುದೂ ಇದೇ. ನಡುವಿಗೆ ಹೊಡೆಯಲು ಹೋಗಿ ಹಿಂದಿನ ಕೈ ಪಕ್ಕಕ್ಕೆ ಎಳೆದರೂ ಹಳೆ ಶಾಫ್ಟಿನ ಸ್ಕ್ವರ್ಟ್ ಅದನ್ನು ಮುಚ್ಚಿ ಚೆಂಡನ್ನು ಗುರಿಗೆ ತಲುಪಿಸುತ್ತಿತ್ತು. ಹೊಸದು ಮುಚ್ಚುವುದಿಲ್ಲ. ಸೈಡ್ ಅಪರೂಪಕ್ಕೆ ಬಳಸುವವರು, ಸ್ಟ್ರೋಕ್ ಇನ್ನೂ ಕೂರದವರು ಈ ಶಾಫ್ಟಿಗೆ ದುಡ್ಡು ಹಾಕುವ ಮೊದಲು ಸ್ಟ್ರೋಕಿಗೆ ಸಮಯ ಕೊಡುವುದೇ ಸರಿ ಅಂತ ನನ್ನ ಅನಿಸಿಕೆ.

ಸ್ಪಿನ್ ಜಾಸ್ತಿ ಬರುತ್ತೆ ಅನ್ನುವ ಮಾತನ್ನು ನಂಬಬೇಡಿ. ಸ್ಪಿನ್ ನಿರ್ಧಾರವಾಗುವುದು ನಡುವಿನಿಂದ ಎಷ್ಟು ಆಚೆ ಹೊಡೆದಿರಿ ಅನ್ನುವುದರಿಂದ. ಚಾಕ್ ಗುರುತು ಒಂದೇ ಜಾಗದಲ್ಲಿ ಬಿದ್ದಾಗ ಎರಡೂ ಶಾಫ್ಟಿನಿಂದ ಬಂದ ಸ್ಪಿನ್ನಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಗುರಿ ಕಡಿಮೆ ಸರಿಸಬೇಕಾದ್ದರಿಂದ ಧೈರ್ಯವಾಗಿ ಇನ್ನೂ ಬದಿಗೆ ಹೊಡೆಯುತ್ತೇವೆ, ಅಷ್ಟೇ. ಆ ಧೈರ್ಯಕ್ಕೆ ಪ್ರತಿ ಶಾಟಿಗೂ ಚಾಕ್ ಹಚ್ಚಲೇಬೇಕು.

ಈಗ ಸೈಡ್ ಕೊಟ್ಟು ಉದ್ದದ ಶಾಟ್ ಜೋರಾಗಿ ಹೊಡೆಯುವುದು ನನಗೆ ನಿಜಕ್ಕೂ ಸುಲಭವಾಗಿದೆ. ಮೊದಲು ಬಿಟ್ಟುಬಿಡುತ್ತಿದ್ದ ಪೊಸಿಷನ್‌ಗಳನ್ನು ಈಗ ತೆಗೆಯುತ್ತೇನೆ. ಒಳಗಿನ ಸೈಡಿನ ಉದ್ದದ ಕಟ್, ಅದೂ ಮೆಲ್ಲಗೆ, ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಅಭ್ಯಾಸಕ್ಕೆ ಹೋದಾಗ ಮೊದಲು ಇಡುವುದು ಅದನ್ನೇ.