ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಗುರುತಿಸಲು 16ಎಸ್ ಸೀಕ್ವೆನ್ಸಿಂಗ್: ಸ್ಯಾಂಪಲ್‌ನಿಂದ ಫಲಿತಾಂಶದವರೆಗೆ

ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಅಮೋನಿಯಾ ಇಳಿಯುತ್ತಿಲ್ಲ, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಸರಿಯಾಗಿ ತಳಕ್ಕೆ ಕೂರುತ್ತಿಲ್ಲ, ಗಾಳಿ ಊದುವ ಏರೇಷನ್ ಟ್ಯಾಂಕಿನ ಅಂಚನ್ನು ಕಂದು ನೊರೆ ದಾಟುತ್ತಿದೆ. ಇದರ ಹಿಂದೆ ಯಾವ ಬ್ಯಾಕ್ಟೀರಿಯಾ ಇವೆ ಎಂದು ತಿಳಿಯಲು ಅಗರ್ ತಟ್ಟೆ ಸಾಲದು, ಏಕೆಂದರೆ ಸ್ಲಡ್ಜ್‌ನಲ್ಲಿರುವ ಬಹುಪಾಲು ಜಾತಿಗಳು ತಟ್ಟೆಯ ಮೇಲೆ ಬೆಳೆಯುವುದೇ ಇಲ್ಲ. ಅದಕ್ಕಾಗಿ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಜೀನ್‌ನ ಒಂದು ಭಾಗವನ್ನು ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡಿನ ಪ್ರತಿಗಳನ್ನು ಮಾಡುವ ವಿಧಾನ) ಹೆಚ್ಚಿಸಿ, ಅದರ ಡಿಎನ್‌ಎ ಅಕ್ಷರಗಳನ್ನು ಸೀಕ್ವೆನ್ಸರ್‌ನಲ್ಲಿ ಓದಿಸುತ್ತೇವೆ. ಸೀಕ್ವೆನ್ಸರ್ ಯಂತ್ರ ತನ್ನ ಕೆಲಸವನ್ನು ಸಾಮಾನ್ಯವಾಗಿ ಸರಿಯಾಗಿಯೇ ಮಾಡುತ್ತದೆ. ಫಲಿತಾಂಶ ಕೆಡುವುದು ಅದಕ್ಕೂ ಮೊದಲೇ: ಸ್ಯಾಂಪಲ್ ತೆಗೆಯುವಾಗ, ಕೋಶ ಒಡೆಯುವಾಗ, ಪ್ರೈಮರ್ (ಜೀನ್‌ನ ಯಾವ ಭಾಗ ನಕಲಾಗಬೇಕೆಂದು ಗುರುತಿಸುವ ಗಿಡ್ಡ ಡಿಎನ್‌ಎ ತುಂಡು) ಆರಿಸುವಾಗ.

ಸ್ಯಾಂಪಲ್

ಬ್ಲೋವರ್ ಓಡುತ್ತಿರುವಾಗ, ಸ್ಲಡ್ಜ್ ಚೆನ್ನಾಗಿ ಕಲಸಿಕೊಂಡಿರುವ ಜಾಗದಿಂದ 50 ಮಿಲಿ ತೆಗೆಯಿರಿ. ಎಸ್‌ಬಿಆರ್ (ಒಂದೇ ಟ್ಯಾಂಕಿನಲ್ಲಿ ಹಂತಹಂತವಾಗಿ ನಡೆಯುವ ವಿಧಾನ) ಆದರೆ ಪ್ರತಿ ಸಲವೂ ಸೈಕಲ್‌ನ ಒಂದೇ ಹಂತದಲ್ಲಿ, ಏರೇಷನ್ ಮುಗಿಯುವ ಹೊತ್ತಿಗೆ ತೆಗೆಯಿರಿ. ಎಂಬಿಬಿಆರ್ (ತೇಲುವ ಪ್ಲಾಸ್ಟಿಕ್ ತುಂಡುಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಸುವ ವಿಧಾನ) ಆದರೆ ನೀರಿನಲ್ಲಿರುವ ಸ್ಲಡ್ಜ್ ಒಂದೇ ಸಾಲದು. ನಿಧಾನವಾಗಿ ಬೆಳೆಯುವ ನೈಟ್ರಿಫೈಯರ್‌ಗಳು (ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ) ಪ್ಲಾಸ್ಟಿಕ್ ಮೀಡಿಯಾದ ಒಳಮೈಗೆ ಅಂಟಿಕೊಂಡಿರುತ್ತವೆ, ಹಾಗಾಗಿ ಅಲ್ಲಿನ ಪದರವನ್ನು ಕೆರೆದು ಬೇರೆ ಟ್ಯೂಬಿಗೆ ಹಾಕಿ. ನೊರೆ ಇದ್ದರೆ ಅದಕ್ಕೂ ಪ್ರತ್ಯೇಕ ಟ್ಯೂಬ್ ಬೇಕು. ಟ್ಯಾಂಕಿನಲ್ಲಿರುವುದಕ್ಕಿಂತ ನೊರೆಯಲ್ಲಿ ಯಾವುದು ಹಲವು ಪಟ್ಟು ಹೆಚ್ಚಿದೆ ಎಂಬ ಹೋಲಿಕೆಯೇ ನೊರೆಯ ಕಾರಣವನ್ನು ಬೇಗ ತೋರಿಸುತ್ತದೆ.

ಟ್ಯೂಬನ್ನು ಕೂಡಲೇ ಐಸ್‌ನಲ್ಲಿಡಿ. ಬೇಸಿಗೆಯಲ್ಲಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಾರಿನ ಡಿಕ್ಕಿಯೊಳಗೆ ಎರಡು ಗಂಟೆ ಕೂತ ಸ್ಯಾಂಪಲ್ ನಂಬಿಕೆಗೆ ಯೋಗ್ಯವಲ್ಲ. ಲ್ಯಾಬ್‌ನಲ್ಲಿ ಗಾಜಿನ ಹೋಮೊಜಿನೈಸರ್‌ನಿಂದ ಗಟ್ಟಿ ಫ್ಲಾಕ್‌ಗಳನ್ನು (ಸ್ಲಡ್ಜ್‌ನ ಸಣ್ಣ ಗಂಟುಗಳು) ಬಿಡಿಸಿ, 2 ಮಿಲಿ ಟ್ಯೂಬುಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿಡಿ. ಕೆಲವು ವಾರಗಳ ಮಟ್ಟಿಗೆ ಮೈನಸ್ 20 ಕೂಡ ನಡೆಯುತ್ತದೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಮಾತ್ರ ಬೇಡ.

ಅದೇ ದಿನದ ಎಂಎಲ್‌ಎಸ್‌ಎಸ್ (ಟ್ಯಾಂಕಿನಲ್ಲಿ ತೇಲುವ ಘನಪದಾರ್ಥದ ಪ್ರಮಾಣ), ಎಸ್‌ವಿಐ (ಸ್ಲಡ್ಜ್ ಎಷ್ಟು ಚೆನ್ನಾಗಿ ತಳಕ್ಕೆ ಕೂರುತ್ತದೆ ಎಂಬ ಅಳತೆ), ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ), ಪಿಎಚ್, ಉಷ್ಣತೆ, ಒಳಬರುವ ಮತ್ತು ಹೊರಹೋಗುವ ನೀರಿನ ಅಮೋನಿಯಾ, ಹೊರತೆಗೆದ ಸ್ಲಡ್ಜ್‌ನ ಪ್ರಮಾಣ, ಇಷ್ಟನ್ನೂ ಬರೆದಿಡಿ. ಇವಿಲ್ಲದೆ ಬರುವ ಬ್ಯಾಕ್ಟೀರಿಯಾ ಪಟ್ಟಿಯಿಂದ ಪ್ಲಾಂಟ್ ನಡೆಸುವವರಿಗೆ ಏನೂ ಪ್ರಯೋಜನವಿಲ್ಲ. ಸ್ಲಡ್ಜ್‌ನ ವಯಸ್ಸು (ಅದು ಟ್ಯಾಂಕಿನಲ್ಲಿ ಸರಾಸರಿ ಉಳಿಯುವ ಕಾಲ) 10–15 ದಿನ ಇರುವ ಪ್ಲಾಂಟಿನಲ್ಲಿ ವಾರಕ್ಕೊಂದು ಸ್ಯಾಂಪಲ್ ಸಾಕು. ಒಂದೇ ದಿನದ ಒಂದೇ ಸ್ಯಾಂಪಲ್‌ಗೆ ಹಣ ಸುರಿಯಬೇಡಿ.

ಡಿಎನ್‌ಎ ತೆಗೆಯುವುದು

ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾಲಯದ ತಂಡ ಸ್ಲಡ್ಜ್‌ಗೆಂದೇ ವಿಧಾನಗಳನ್ನು ಹೋಲಿಸಿ 2015ರಲ್ಲಿ ಪ್ರಕಟಿಸಿತು. ಕೋಶಗಳನ್ನು ಎಷ್ಟು ಜೋರಾಗಿ ಒಡೆಯುತ್ತೇವೆ ಎಂಬುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ ಎಂದು ಅದು ತೋರಿಸಿತು. ಗೋರ್ಡೋನಿಯಾ, ಟೆಟ್ರಾಸ್ಫೇರಾದಂಥ ದಪ್ಪ ಕೋಶಭಿತ್ತಿಯ ಆ್ಯಕ್ಟಿನೋಬ್ಯಾಕ್ಟೀರಿಯಾ ಮೃದುವಾಗಿ ಬಡಿದರೆ ಒಡೆಯುವುದಿಲ್ಲ, ಒಡೆಯದ್ದು ಪಟ್ಟಿಯಲ್ಲಿ ಕಾಣುವುದಿಲ್ಲ. ನೊರೆ ಎಬ್ಬಿಸುವವುಗಳಲ್ಲಿ ಹಲವು ಇದೇ ಗುಂಪಿನವು ಎಂಬುದನ್ನು ಮರೆಯಬೇಡಿ.

ಫಾಸ್ಟ್‌ಡಿಎನ್‌ಎ ಸ್ಪಿನ್ ಕಿಟ್ ಫಾರ್ ಸಾಯಿಲ್ ಬಳಸುವುದಾದರೆ 500 ಮೈಕ್ರೋಲೀಟರ್ ಸ್ಲಡ್ಜ್ ಹಾಕಿ. ಬೀಡ್ ಬೀಟರ್ (ಸಣ್ಣ ಮಣಿಗಳಿಂದ ಬಡಿದು ಕೋಶ ಒಡೆಯುವ ಯಂತ್ರ) ಸೆಕೆಂಡಿಗೆ 6 ಮೀಟರ್ ವೇಗದಲ್ಲಿ 40 ಸೆಕೆಂಡ್ ಓಡಲಿ. ಹೀಗೆ ನಾಲ್ಕು ಸುತ್ತು, ನಡುನಡುವೆ ಎರಡು ನಿಮಿಷ ಐಸ್‌ನಲ್ಲಿ. ಹೆಚ್ಚು ಸ್ಲಡ್ಜ್ ಹಾಕಿದರೆ ಹೆಚ್ಚು ಡಿಎನ್‌ಎ ಸಿಗುತ್ತದೆ ಎಂಬುದು ತಪ್ಪು ಲೆಕ್ಕ, ಟ್ಯೂಬ್ ತುಂಬಿದಷ್ಟೂ ಮಣಿಗಳ ಹೊಡೆತ ಕಡಿಮೆಯಾಗುತ್ತದೆ. ಯೋಜನೆ ಮುಗಿಯುವವರೆಗೆ ಕಿಟ್, ವೇಗ, ಸಮಯ ಯಾವುದನ್ನೂ ಬದಲಿಸಬೇಡಿ. ಬದಲಿಸಿದರೆ ಮುಂದೆ ನೀವು ಹೋಲಿಸುವುದು ಎರಡು ಕಿಟ್‌ಗಳನ್ನೇ ಹೊರತು ಎರಡು ಟ್ಯಾಂಕುಗಳನ್ನಲ್ಲ. ಸ್ಯಾಂಪಲ್‌ಗಳ ಪ್ರತಿ ಬ್ಯಾಚ್ ಜೊತೆ ಬರೀ ಶುದ್ಧ ನೀರು ಹಾಕಿದ ಒಂದು ಖಾಲಿ ಟ್ಯೂಬ್ ಕೊನೆಯವರೆಗೂ ಸಾಗಲಿ, ಕಿಟ್‌ನಿಂದಲೇ ಬಂದ ಡಿಎನ್‌ಎ ಅದರಲ್ಲಿ ಸಿಕ್ಕಿಬೀಳುತ್ತದೆ.

ಡಿಎನ್‌ಎ ಪ್ರಮಾಣವನ್ನು ಕ್ಯೂಬಿಟ್‌ನಲ್ಲಿ (ಡಿಎನ್‌ಎಗೆ ಅಂಟುವ ಹೊಳೆಯುವ ಬಣ್ಣದಿಂದ ಅಳೆಯುವ ಸಾಧನ) ಅಳೆಯಿರಿ. ಬೆಳಕಿನ ಹೀರಿಕೆಯಿಂದ ಅಳೆಯುವ ನ್ಯಾನೋಡ್ರಾಪ್ ಅನ್ನು ಶುದ್ಧತೆ ನೋಡಲು ಮಾತ್ರ ಬಳಸಿ. 260/230 ಅನುಪಾತ (260 ಮತ್ತು 230 ನ್ಯಾನೋಮೀಟರ್ ಬೆಳಕಿನ ಹೀರಿಕೆಯದು) ತೀರಾ ಕೆಳಗಿದ್ದರೆ ಹ್ಯೂಮಿಕ್ ಆಮ್ಲವೋ ಕಿಟ್‌ನ ಲವಣವೋ ಉಳಿದಿದೆ ಎಂದರ್ಥ, ಹ್ಯೂಮಿಕ್ ಆಮ್ಲ ಪಿಸಿಆರ್ ಅನ್ನೇ ನಿಲ್ಲಿಸಿಬಿಡುತ್ತದೆ. ಮೊದಲು ಡಿಎನ್‌ಎಯನ್ನು ಹತ್ತು ಪಟ್ಟು ತೆಳುಗೊಳಿಸಿ ನೋಡಿ. ಹಲವು ಸಲ ಅಷ್ಟರಿಂದಲೇ ಪಿಸಿಆರ್ ನಡೆದು ಜೆಲ್ ಮೇಲೆ ಅದರ ಗೆರೆ (ಬ್ಯಾಂಡ್) ಬರುತ್ತದೆ.

ಪ್ರೈಮರ್ ಮತ್ತು ಪಿಸಿಆರ್

ಏರೇಷನ್ ಟ್ಯಾಂಕಿನ ಸ್ಲಡ್ಜ್‌ಗೆ 16ಎಸ್ ಜೀನ್‌ನ ಬದಲಾಗುವ ಭಾಗಗಳಲ್ಲಿ (ವಿ1, ವಿ2 ಇತ್ಯಾದಿ) ವಿ1–ವಿ3 ಭಾಗ (27ಎಫ್ ಮತ್ತು 534ಆರ್ ಪ್ರೈಮರ್) ಒಳ್ಳೆಯ ಆಯ್ಕೆ. ಆದರೆ ಅನಾಮಾಕ್ಸ್ (ಆಮ್ಲಜನಕವಿಲ್ಲದೆ ಅಮೋನಿಯಾ ತೆಗೆಯುವ) ರಿಯಾಕ್ಟರ್‌ಗೆ ಅದು ಬೇಡ, ಆ ಬ್ಯಾಕ್ಟೀರಿಯಾ ಸೇರಿರುವ ಪ್ಲಾಂಕ್ಟೊಮೈಸೀಟ್ ಗುಂಪಿಗೆ 27ಎಫ್ ಸರಿಯಾಗಿ ಕೂರುವುದಿಲ್ಲ. ಆಮ್ಲಜನಕವಿಲ್ಲದೆ ನಡೆಯುವ ಯುಎಎಸ್‌ಬಿ ಅಥವಾ ಡೈಜೆಸ್ಟರ್ ಟ್ಯಾಂಕಿಗೂ ಬೇಡ, ಮೀಥೇನ್ ಮಾಡುವ ಆರ್ಕಿಯಾ (ಬ್ಯಾಕ್ಟೀರಿಯಾದಂತಿರುವ ಬೇರೊಂದು ಸೂಕ್ಷ್ಮಜೀವಿ ಗುಂಪು) ಈ ಪ್ರೈಮರ್‌ಗಳಿಗೆ ಸಿಗುವುದೇ ಇಲ್ಲ. ಇವೆರಡಕ್ಕೂ ವಿ4 ಭಾಗದ 515ಎಫ್ ಮತ್ತು 806ಆರ್ ಜೋಡಿ ವಾಸಿ. ಅಮೋನಿಯಾವನ್ನು ನೇರವಾಗಿ ನೈಟ್ರೇಟ್‌ವರೆಗೆ ಒಯ್ಯುವ ಕಾಮಾಮಾಕ್ಸ್ ನೈಟ್ರೋಸ್ಪೈರಾ 2015ರಲ್ಲಿ ಪತ್ತೆಯಾಯಿತು. ಅದನ್ನು ನೈಟ್ರೈಟನ್ನು ಮಾತ್ರ ನೈಟ್ರೇಟ್ ಆಗಿಸುವ ಸಾಮಾನ್ಯ ನೈಟ್ರೋಸ್ಪೈರಾದಿಂದ 16ಎಸ್ ಬೇರ್ಪಡಿಸದು, ಅದಕ್ಕೆ ಅಮೋನಿಯಾ ಆಕ್ಸಿಡೀಕರಣದ ಎಎಂಒಎ ಜೀನ್‌ಗೇ ಪಿಸಿಆರ್ ಮಾಡಬೇಕು.

ವಿ1–ವಿ3ಗೆ 25 ಮೈಕ್ರೋಲೀಟರ್ ಪಿಸಿಆರ್‌ನಲ್ಲಿ 10 ನ್ಯಾನೋಗ್ರಾಂ ಡಿಎನ್‌ಎ ಇರಲಿ. 95 ಡಿಗ್ರಿಯಲ್ಲಿ 2 ನಿಮಿಷ. ಬಳಿಕ 95ರಲ್ಲಿ 20 ಸೆಕೆಂಡ್, 56ರಲ್ಲಿ 30 ಸೆಕೆಂಡ್, 72ರಲ್ಲಿ 60 ಸೆಕೆಂಡ್, ಹೀಗೆ 30 ಸೈಕಲ್. ಕೊನೆಗೆ 72ರಲ್ಲಿ 5 ನಿಮಿಷ. ಬ್ಯಾಂಡ್ ಮಂಕಾಗಿದೆ ಎಂದು 35ಕ್ಕೆ ಏರಿಸಬೇಡಿ. ಎರಡು ಜೀನ್ ತುಂಡುಗಳು ಬೆಸೆದುಕೊಂಡ ಕೈಮೆರಾಗಳು ಹೆಚ್ಚಿ, ಇಲ್ಲದ ಜಾತಿಗಳು ಹುಟ್ಟಿಕೊಳ್ಳುತ್ತವೆ. ಪ್ರತಿ ಸ್ಯಾಂಪಲ್‌ಗೆ ಎರಡು ಪಿಸಿಆರ್ ಮಾಡಿ ಬೆರೆಸಿ, ಮ್ಯಾಗ್ನೆಟಿಕ್ ಬೀಡ್‌ನಿಂದ ಶುದ್ಧಗೊಳಿಸಿ. ಬ್ಯಾಕ್ಟೀರಿಯಾ ಯಾವುವೆಂದು ಮೊದಲೇ ಗೊತ್ತಿರುವ ಮಾಕ್ ಕಮ್ಯೂನಿಟಿಯ ಒಂದು ಟ್ಯೂಬೂ ಜೊತೆಗಿರಲಿ.

ಹೊರಗಿನ ಕಂಪನಿಯಿಂದ ಓದಿಸುವುದಾದರೆ ಮೈಸೀಕ್ ಸೀಕ್ವೆನ್ಸರ್‌ನಲ್ಲಿ 2×300 ರನ್ (ತುಂಡಿನ ಎರಡೂ ತುದಿಯಿಂದ 300 ಅಕ್ಷರ ಓದುವುದು) ಕೇಳಿ. ಸ್ಯಾಂಪಲ್‌ಗೆ 20–30 ಸಾವಿರ ರೀಡ್ (ಓದಿದ ಡಿಎನ್‌ಎ ತುಂಡು) ಇದ್ದರೆ ಮುಖ್ಯ ಜಾತಿಗಳಿಗೆ ಸಾಕು. ಬಣ್ಣಬಣ್ಣದ ಪಿಡಿಎಫ್ ವರದಿಗೆ ತೃಪ್ತರಾಗದೆ ರೀಡ್‌ಗಳಿರುವ ಮೂಲ ಫಾಸ್ಟ್‌ಕ್ಯೂ ಫೈಲ್‌ಗಳನ್ನು ಪಡೆಯಿರಿ. ಖಾಲಿ ಟ್ಯೂಬನ್ನೂ ಓದಿಸಲು ಹೇಳಿ, ಕೇಳದಿದ್ದರೆ ಅದು ಬಿಟ್ಟುಹೋಗುತ್ತದೆ.

ಡೇಟಾ

ರೀಡ್‌ಗಳಿಂದ ಪ್ರೈಮರ್ ಭಾಗ ಕತ್ತರಿಸಿ, ತಪ್ಪು ಅಕ್ಷರಗಳನ್ನು ತಿದ್ದಿ ರೀಡ್ ಜೋಡಿಸುವ ಡಾಡಾ2 ಸಾಫ್ಟ್‌ವೇರ್‌ಗೆ ಹಾಕಿ. ವಿ1–ವಿ3ರಲ್ಲಿ ಜನ ಎಡವುವುದು ಇಲ್ಲಿ: ತುಂಡಿನ ಉದ್ದ ಸುಮಾರು 500 ಅಕ್ಷರ, ಎರಡೂ ರೀಡ್ ಸೇರಿ 600. ಎರಡನೇ ರೀಡ್‌ನ ಬಾಲದ ಗುಣಮಟ್ಟ ಕಳಪೆಯೆಂದು 200ಕ್ಕೆ ಕತ್ತರಿಸಿದರೆ ಜೋಡಿಸಲು ಅಕ್ಷರಗಳೇ ಉಳಿಯವು. ಡಾಡಾ2ಗೆ ಕನಿಷ್ಠ 12 ಅಕ್ಷರಗಳ ಹೊಂದಿಕೆ ಬೇಕು. ಈ ಭಾಗದ ಉದ್ದ ಜಾತಿಯಿಂದ ಜಾತಿಗೆ ಬೇರೆ. ಉದ್ದ ತುಂಡಿನವು ಜೋಡಣೆಯಾಗದೆ ಸದ್ದಿಲ್ಲದೆ ಮಾಯವಾಗುತ್ತವೆ, ಗಿಡ್ಡವು ಮಾತ್ರ ಉಳಿಯುತ್ತವೆ. ಎಷ್ಟು ಶೇಕಡ ರೀಡ್ ಜೋಡಣೆಯಾಯಿತು ಎಂದು ಪ್ರತಿ ಸ್ಯಾಂಪಲ್‌ಗೂ ನೋಡಿ.

ಹೆಸರು ಕೊಡಲು ಆಲ್‌ಬೋರ್ಗ್‌ನವರದೇ ಮಿಡಾಸ್ ಡೇಟಾಬೇಸ್ ಬಳಸಿ. ತ್ಯಾಜ್ಯನೀರಿನ ಘಟಕಗಳಿಗೆಂದೇ ಮಾಡಿದ್ದರಿಂದ ಸಾಮಾನ್ಯ ಡೇಟಾಬೇಸ್‌ಗಳಲ್ಲಿ ಹೆಸರಿಲ್ಲದೆ ಉಳಿಯುವ ಎಷ್ಟೋ ಗುಂಪುಗಳು ಇದರಲ್ಲಿ ಜೀನಸ್ ಮಟ್ಟದವರೆಗೆ ಸಿಗುತ್ತವೆ.

ಬಂದ ಶೇಕಡಾವಾರು ಅಂಕಿ ರೀಡ್‌ಗಳದ್ದು, ಬ್ಯಾಕ್ಟೀರಿಯಾದ ಎಣಿಕೆಯಲ್ಲ. ಇ. ಕೋಲಿಯಲ್ಲಿ 16ಎಸ್‌ನ 7 ಪ್ರತಿಗಳಿವೆ, ನೈಟ್ರೋಸ್ಪೈರಾದಲ್ಲಿ ಸಾಮಾನ್ಯವಾಗಿ ಒಂದೇ. ಹಾಗಾಗಿ ನೈಟ್ರೋಸ್ಪೈರಾ ಶೇ. 1–2 ಕಂಡರೆ ಗಾಬರಿ ಬೇಡ. ಒಂದೇ ಜೀನಸ್ ವಾರದಿಂದ ವಾರಕ್ಕೆ ಏರಿತೋ ಇಳಿಯಿತೋ ಎಂದು ಅಮೋನಿಯಾ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಒಳಬರುವ ಕೊಳಚೆ ನೀರನ್ನೂ ಒಮ್ಮೆ ಓದಿಸಿ. ಆರ್ಕೋಬ್ಯಾಕ್ಟರ್, ಬ್ಯಾಕ್ಟೀರಾಯ್ಡಿಸ್‌ನಂಥವು ಚರಂಡಿಯಿಂದ ಬಂದು ಟ್ಯಾಂಕಿನಲ್ಲಿ ಬೆಳೆಯದೆಯೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ.

ನೊರೆಯಲ್ಲಿ ಗೋರ್ಡೋನಿಯಾ ಹೆಚ್ಚಿದೆ ಎಂದು ರೀಡ್‌ಗಳು ಹೇಳಿದರೆ ಸ್ಲೈಡಿಗೆ ಗ್ರಾಮ್ ಬಣ್ಣ ಹಾಕಿ ನೋಡಿ. ಕವಲೊಡೆದ ಗಿಡ್ಡ ನೀಲಿ-ನೇರಳೆ ತಂತುಗಳು ಕಾಣಬೇಕು. ಕಂಡರೆ ಅಡುಗೆಮನೆಯ ಎಣ್ಣೆ-ಜಿಡ್ಡು ಟ್ಯಾಂಕಿಗೆ ಬರದಂತೆ ಗ್ರೀಸ್ ಟ್ರ್ಯಾಪ್ ಸರಿಪಡಿಸಿ, ನೊರೆಯನ್ನು ಟ್ಯಾಂಕಿಗೇ ಮರಳಿಸದೆ ಮೇಲಿನಿಂದ ತೆಗೆದು ಹೊರಹಾಕಿ, ಸ್ಲಡ್ಜ್ ಹೊರತೆಗೆಯುವುದನ್ನು ನಿಧಾನವಾಗಿ ಹೆಚ್ಚಿಸಿ. ಆ ಅವಧಿಯಲ್ಲಿ ಅಮೋನಿಯಾವನ್ನು ದಿನವೂ ಅಳೆಯಿರಿ, ಏಕೆಂದರೆ ಸ್ಲಡ್ಜ್‌ನ ವಯಸ್ಸು ತೀರಾ ಕಡಿಮೆಯಾದರೆ ಗೋರ್ಡೋನಿಯಾದ ಜೊತೆ ನೈಟ್ರಿಫೈಯರ್‌ಗಳೂ ತೊಳೆದುಹೋಗುತ್ತವೆ.